9 ಗಂಟೇನಾ, 3 ಗಂಟೇನಾ, ಇಲ್ಲಾ ಗೋಲ್ಡಾ? ಯಾವ ರೇಸಲ್ಲಿ ಯಾವ ಟೈಮಿಗೆ ಕಣ್ಣಿಡೋದು

ರೋಡ್ ಬೈಕ್ ತಗೊಂಡು ಒಂದೆರಡು ವರ್ಷ ತುಳಿದು, ನಂದಿ ಬೆಟ್ಟದ ಟೈಮು ಒಂದು ಹಂತಕ್ಕೆ ಬಂದ್ಮೇಲೆ ಬಹಳ ಜನರ ತಲೇಲಿ ಹುಳ ಹೊಕ್ಕತ್ತೆ, ಹೊರಗಡೆ ಎಲ್ಲಾದ್ರೂ ಸಾವಿರಾರು ಜನ ಒಟ್ಟಿಗೆ ತುಳಿಯೋ ದೊಡ್ಡ ರೇಸಿಗೆ ಹೋಗ್ಬೇಕು, ಬರೀ ಮುಗಿಸೋದಲ್ಲ, ಇಂತಿಷ್ಟು ಗಂಟೆ ಒಳಗೇ ಮುಗಿಸ್ಬೇಕು ಅಂತ. ಅದಾದ್ಮೇಲೆ ಬರೋ ಪ್ರಶ್ನೆ, ಯಾವುದಕ್ಕೆ ಹೋಗೋದು? ಇಲ್ಲಿ ಜನ ಸಾಮಾನ್ಯವಾಗಿ ನೋಡೋದು ದೂರ ಎಷ್ಟು, ಫೋಟೋ ಚೆನ್ನಾಗಿ ಬರತ್ತಾ, ವೀಸಾ ಸಿಗತ್ತಾ ಅಂತ. ಅದೆಲ್ಲ ಬೇಕು, ಬೇಡ ಅನ್ನಲ್ಲ, ಆದ್ರೆ ಟೈಮ್ ಗುರಿ ಇಟ್ಕೊಂಡು ಹೋಗೋರು ಮೊದ್ಲು ಕೇಳ್ಬೇಕಾಗಿರೋದು ಬೇರೆ: ಈ ರೇಸಲ್ಲಿ ನನ್ನ ಟೈಮನ್ನ ತೀರ್ಮಾನ ಮಾಡೋದು ಯಾರು? ನನ್ನ ಕಾಲಾ, ನನ್ನ ಜೊತೆಯೋರಾ, ಗಾಳಿಯಾ, ಇಲ್ಲಾ ನನ್ನನ್ನ ಯಾವ ಸ್ಟಾರ್ಟ್ ಗ್ರೂಪಿಗೆ ಹಾಕಿದ್ರು ಅನ್ನೋದಾ?

ಮೂರು ರೇಸ್ ಇಟ್ಕೊಂಡು ನೋಡೋಣ. ಸ್ವೀಡನ್ನಿನ ವೆಟ್ಟರ್ನ್‌ರುಂಡಾನ್, ಸೌತ್ ಆಫ್ರಿಕಾದ ಕೇಪ್‌ಟೌನ್ ಸೈಕಲ್ ಟೂರ್, ಫ್ರಾನ್ಸಿನ ಲಾ ಮಾರ್ಮೊಟ್. ಬೇರೆ ಬೇಕಾದಷ್ಟಿವೆ, ಆದ್ರೆ ಈ ಮೂರೂ ಮೂರು ದಿಕ್ಕಿನವು, ಇವು ಅರ್ಥ ಆದ್ರೆ ಉಳಿದವನ್ನ ನೀವೇ ಅಳೀಬಹುದು.

ವೆಟ್ಟರ್ನ್‌ರುಂಡಾನ್: ಜೊತೆ ಇದ್ದೋರಿಗೆ

ವೆಟ್ಟರ್ನ್ ಅಂದ್ರೆ ಸ್ವೀಡನ್ನಿನ ಎರಡನೇ ದೊಡ್ಡ ಕೆರೆ. ಮೂತಾಲಾ ಅನ್ನೋ ಊರಿಂದ ಹೊರಟು ವಾಡ್‌ಸ್ಟೇನಾ, ಗ್ರೆನ್ನಾ, ಯೊನ್‌ಶೋಪಿಂಗ್, ಯೂ, ಕಾರ್ಲ್ಸ್‌ಬೊರ್ಗ್ ಹಾದು ಕೆರೆಗೆ ಪೂರ್ತಿ ಪ್ರದಕ್ಷಿಣೆ ಹಾಕಿ ವಾಪಸ್ ಮೂತಾಲಾಕ್ಕೆ, ಒಟ್ಟು 315 ಕಿ.ಮೀ. 1966ರಲ್ಲಿ ಶುರುವಾಗಿದ್ದು, ಜೂನ್ ಮಧ್ಯದಲ್ಲಿ ನಡೆಯತ್ತೆ, ಆಗ ಅಲ್ಲಿ ರಾತ್ರಿ ಅನ್ನೋದು ಹೆಸರಿಗಷ್ಟೇ. ಅಧಿಕೃತವಾಗಿ ಇದು ರೇಸೇ ಅಲ್ಲ, ಮೊದಲ ಸ್ಥಾನ ಎರಡನೇ ಸ್ಥಾನ ಅಂತ ಏನೂ ಇಲ್ಲ. ಅದಕ್ಕೇನೇ ಜನ ಗಡಿಯಾರದ ಹಿಂದೆ ಬಿದ್ದಿದ್ದು ಅನ್ಸತ್ತೆ ನಂಗೆ. ಸಬ್ 12 (ಅಂದ್ರೆ 12 ಗಂಟೆ ಒಳಗೆ ಮುಗಿಸೋದು), ಸಬ್ 10, ಸಬ್ 9, ಸಬ್ 8 ಅಂತ ಗುಂಪು ಕಟ್ಕೊಂಡು, ಒಂದೇ ಥರದ ಜರ್ಸಿ ಹಾಕ್ಕೊಂಡು, ವಸಂತ ಪೂರ್ತಿ ವಾರ ವಾರ ಸೇರಿ ಪ್ರಾಕ್ಟೀಸ್ ಮಾಡ್ತಾರೆ.

ಲೆಕ್ಕ ಸಿಂಪಲ್ಲು. 315 ಅನ್ನ 9ರಿಂದ ಭಾಗಿಸಿ, ಗಂಟೆಗೆ 35 ಕಿ.ಮೀ. 10 ಗಂಟೆಗಾದ್ರೆ 31.5. ನೋಡೋಕೆ ಮೂರೂವರೆ ಕಿ.ಮೀ. ವ್ಯತ್ಯಾಸ ಅಷ್ಟೇ, ಆದ್ರೆ ಸಮತಟ್ಟು ರಸ್ತೇಲಿ ಗಾಳಿ ತಳ್ಳೋಕೆ ಬೇಕಾಗೋ ಶಕ್ತಿ ಸ್ಪೀಡಿನ ಘನದ ಲೆಕ್ಕದಲ್ಲಿ ಏರತ್ತೆ, 31.5ರಿಂದ 35ಕ್ಕೆ ಹೋದ್ರೆ ಗಾಳಿಗೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಕ್ಸ್‌ಟ್ರಾ ವ್ಯಾಟ್ ಸುರೀಬೇಕು. ಒಬ್ಬರೇ ಹೋಗಿ 9 ಗಂಟೇಲಿ ಮುಗಿಸೋದು ಅಂದ್ರೆ ನಮ್ಮಂಥ ಆಫೀಸಿಗೆ ಹೋಗೋ ಜನಕ್ಕೆ ಬಿಟ್ಬಿಡಿ ಸ್ವಾಮಿ. ಗುಂಪಲ್ಲಿ ಹಿಂದೆ ಕೂತ್ರೆ ಅದೇ ಸ್ಪೀಡಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಶಕ್ತಿ ಉಳಿಯತ್ತೆ. ಅಂದ್ರೆ ಇಲ್ಲಿ ನಿಮ್ಮ ಎಫ್‌ಟಿಪಿಗಿಂತ (ಸುಮಾರು ಒಂದು ಗಂಟೆ ತಡ್ಕೊಂಡು ಹಾಕೋಕಾಗೋ ಶಕ್ತಿಗಿಂತ) ಮುಖ್ಯ ನಿಮ್ಮ ಮುಂದಿನೋನ ಹಿಂಚಕ್ರ, ಅದರಿಂದ ಅರ್ಧ ಮೀಟರ್ ದೂರದಲ್ಲಿ ಗಂಟೆಗಟ್ಟಲೆ ಬ್ರೇಕ್ ಮುಟ್ಟದೆ ಕೂತ್ಕೊಳೋ ಧೈರ್ಯ.

ಅಲ್ಲಿ ಸಬ್ ಗ್ರೂಪ್‌ಗಳು ಓಡಿಸೋದು ಎರಡು ಸಾಲಲ್ಲಿ, ಒಂದು ಸಾಲು ಸ್ವಲ್ಪ ಜೋರಾಗಿ ಮುಂದೆ ಹೋಗ್ತಿರತ್ತೆ, ಇನ್ನೊಂದು ಸ್ವಲ್ಪ ನಿಧಾನಕ್ಕೆ ಹಿಂದೆ ಬರ್ತಿರತ್ತೆ, ಒಬ್ಬೊಬ್ರೂ ಮುಂದೆ ಗಾಳಿಗೆ ಮುಖ ಕೊಡೋದು ಅರ್ಧ ನಿಮಿಷವೋ ಇನ್ನೂ ಕಮ್ಮಿನೋ. ಬೆಲ್ಜಿಯನ್ ಚೈನ್ ಅಂತಾರೆ. ಇದರಲ್ಲಿ ಹೊಸಬರು ಗುಂಪು ಕೆಡಿಸೋದು ಒಂದೇ ರೀತಿ: ಮುಂದೆ ಬಂದ ತಕ್ಷಣ ಜೋಶ್ ಬಂದು ಎರಡು ಕಿ.ಮೀ. ಸ್ಪೀಡ್ ಏರಿಸ್ತಾರೆ, ಹಿಂದಿನೋರೆಲ್ಲ ಗ್ಯಾಪ್ ಮುಚ್ಚೋಕೆ ಒದ್ದಾಡ್ತಾರೆ, ಒಂದು ಗಂಟೆ ಹೀಗಾದ್ರೆ ಕೊನೇಲಿರೋರ ಕಾಲು ಖಾಲಿ. ಮುಂದೆ ಬಂದಾಗ ಸ್ಪೀಡೋಮೀಟರ್ ನೋಡ್ಕೊಂಡು ಇದ್ದ ಸ್ಪೀಡಲ್ಲೇ ಇರೋದು ಇಲ್ಲಿನ ದೊಡ್ಡ ಕಲೆ, ನಮ್ಮ ಬೆಂಗಳೂರು ಸಂಡೇ ರೈಡ್‌ಗಳಲ್ಲಿ ಇದನ್ನ ಯಾರೂ ಕಲಿಸಲ್ಲ, ಎಲ್ಲರಿಗೂ ದೇವನಹಳ್ಳಿ ಫ್ಲೈಓವರ್ ಬಂದ್ರೆ ಅಟ್ಯಾಕ್ ಮಾಡ್ಬೇಕು.

ಇನ್ನೊಂದು, ಇಲ್ಲಿ ಎಣಿಸೋದು ನಿಂತಿದ್ದ ಟೈಮೂ ಸೇರಿಸಿ. ಸ್ಟ್ರಾವಾ ಆ್ಯಪಿನ ಮೂವಿಂಗ್ ಟೈಮ್ (ನಿಂತಿದ್ದು ಬಿಟ್ಟು ಬರೀ ಓಡಿಸಿದ ಟೈಮ್) ತೋರಿಸಿ ಸಬ್ 9 ಅಂತ ಹೇಳ್ಕೊಳೋ ಹಾಗಿಲ್ಲ. ಒಟ್ಟು 20 ನಿಮಿಷ ನಿಂತ್ರೆ ಉಳಿದ 8 ಗಂಟೆ 40 ನಿಮಿಷಕ್ಕೆ ಆವರೇಜ್ 36ರ ಮೇಲೆ ಹೋಯ್ತು. ದಾರೀಲಿ ಡಿಪೋಗಳಲ್ಲಿ ಬನ್ನು, ಉಪ್ಪುಸೌತೆ, ಬ್ಲೂಬೆರಿ ಸೂಪು ಕೊಡ್ತಾರೆ, ಯೊನ್‌ಶೋಪಿಂಗಲ್ಲಿ ಮೀಟ್‌ಬಾಲ್ ಮತ್ತೆ ಆಲೂ ಮ್ಯಾಶ್, ಯೂನಲ್ಲಿ ಲಸಾನ್ಯ, ಅದು ಆ ರೈಡಿನ ಸಂಪ್ರದಾಯನೇ. ಸಬ್ 9 ಗುಂಪಿಗೆ ಇದ್ಯಾವುದೂ ಇಲ್ಲ, ಒಂದೋ ಎರಡೋ ಕಡೆ ಬಾಟಲ್ ತುಂಬಿಸ್ಕೊಂಡು ಹೊರಡೋದೇ. ನಂಗೆ ಇದು ಸ್ವಲ್ಪ ಬೇಜಾರಿನ ವಿಷ್ಯ, ಅಷ್ಟು ದೂರ ಹೋಗಿ ಕೆರೆ ನೋಡ್ದೆ, ಊಟ ಮಾಡ್ದೆ, ಬರೀ ಮುಂದಿನೋನ ಟೈರ್ ನೋಡ್ಕೊಂಡು ಬರೋದು. ಕೆರೆ ನೋಡ್ಬೇಕು ಅನ್ನೋರು ಸಬ್ 12 ಇಟ್ಕೊಳಿ, 26-27ರ ಆವರೇಜು, ಊಟಕ್ಕೂ ಪುರುಸೊತ್ತು ಸಿಗತ್ತೆ.

ಗುಂಪು ಆರಿಸೋದ್ರಲ್ಲೂ ಎರಡು ದಾರಿ. ಒಂದು, ಮೊದ್ಲೇ ಕಟ್ಟಿದ ಕ್ಲಬ್ ಗುಂಪಿಗೆ ಸೇರೋದು. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಕಡೆ ಕೆಲಸಕ್ಕೆ ಹೋಗಿರೋ ನಮ್ಮವರಿಗೆ ಇದು ಆಗತ್ತೆ, ಏಪ್ರಿಲ್-ಮೇನಲ್ಲಿ ಅವರ ಜೊತೆ ಪ್ರಾಕ್ಟೀಸಿಗೆ ಹೋಗ್ಲೇಬೇಕು, ಇಲ್ಲಾಂದ್ರೆ ಸೇರಿಸ್ಕೊಳಲ್ಲ, ಸೇರಿಸ್ಕೋಬಾರದು ಕೂಡ. ಇನ್ನೊಂದು, ಅವತ್ತು ಸಿಕ್ಕ ಗುಂಪಿಗೆ ನೇತಾಕೊಳೋದು. ಬೆಂಗಳೂರಿಂದ ನೇರ ಹೋಗೋರಿಗೆ ಬೇರೆ ದಾರಿ ಇಲ್ಲ. ಆದ್ರೆ ಒಂದೇ ಜರ್ಸಿ ಹಾಕಿರೋ ಸಬ್ ಗುಂಪಿನ ಮಧ್ಯೆ ನುಗ್ಗಬೇಡಿ, ಅವರಿಗೆ ಕೋಪ ಬರತ್ತೆ, ನ್ಯಾಯವಾಗಿಯೇ. ಹಿಂದೆ ಕೂತ್ಕೊಬಹುದಾ ಅಂತ ಕೇಳಿ ಬಾಲದಲ್ಲಿ ಇರಿ. ಹೀಗೆ ಹೋಗೋರು ಸಬ್ 10 ಇಟ್ಕೊಂಡ್ರೆ ಸಾಕು, 9 ಅನ್ನೋದು ಲಾಟರಿ.

ಸ್ನೇಹಿತರ ಗುಂಪೇ ಕಟ್ಕೊಂಡು ಹೋಗೋದಾದ್ರೆ ಟೈಮ್ ನಿಗದಿ ಮಾಡೋದು ಗುಂಪಿನ ಸ್ಟ್ರಾಂಗ್ ಹುಡುಗನ್ನ ನೋಡಿ ಅಲ್ಲ. ಪಂಕ್ತಿ ಊಟದಲ್ಲಿ ನಿಧಾನಕ್ಕೆ ಉಣ್ಣೋ ಅಜ್ಜ ಎಲೆ ಮಡಚೋ ತನಕ ಯಾರೂ ಏಳೋ ಹಾಗಿಲ್ಲವಲ್ಲ, ಹಂಗೇ ಇದು. ಯೊನ್‌ಶೋಪಿಂಗ್ ದಾಟಿದ ಮೇಲೆ ಬರೋ ಏರಲ್ಲಿ, ಆಮೇಲೆ ಕೊನೇಲಿ ಹಮ್ಮರ್‌ಸುಂಡೆಟ್ ಸೇತುವೆ ಆದ್ಮೇಲಿನ ಏರಿಳಿತದಲ್ಲಿ ಗುಂಪು ಒಡೆಯೋದು, ಅಲ್ಲಿ ನಿಮ್ಮ ವೀಕೆಸ್ಟ್ ರೈಡರ್ ಎಷ್ಟು ತುಳೀತಾನೋ ಅದೇ ಗುಂಪಿನ ಸ್ಪೀಡು.

ಕೇಪ್‌ಟೌನ್: ಗಾಳಿ ಮತ್ತೆ ಸ್ಟಾರ್ಟ್ ಗ್ರೂಪು

ಹಳಬರು ಇದನ್ನ ಇನ್ನೂ ಆರ್ಗಸ್ ಅಂತಲೇ ಕರೀತಾರೆ. 1978ರಲ್ಲಿ, ಸೈಕಲ್ಲಿಗೆ ಪ್ರತ್ಯೇಕ ದಾರಿ ಬೇಕು ಅಂತ ಮಾಡಿದ ಒಂದು ಪ್ರತಿಭಟನೆ ರೈಡಿನ ಬೆನ್ನಿಗೇ ಹುಟ್ಟಿದ ರೇಸು. ಈಗ ಹತ್ತಾರು ಸಾವಿರ ಜನ ತುಳೀತಾರೆ, ರಸ್ತೆ ಮುಚ್ಚಿರತ್ತೆ, 109 ಕಿ.ಮೀ., ಏಳು ಗಂಟೆ ಟೈಮ್ ಲಿಮಿಟ್. ಊರಿಂದ ತೆಂಕಣಕ್ಕೆ ಇಳಿದು ಫಾಲ್ಸ್ ಬೇ ಕಡೆಯ ಸೈಮನ್ಸ್ ಟೌನ್, ಅಲ್ಲಿಂದ ಆಚೆ ಅಟ್ಲಾಂಟಿಕ್ ದಂಡೆಗೆ ತಿರುಗಿ ಚಾಪ್‌ಮನ್ಸ್ ಪೀಕ್ ಏರಿ, ಹೌಟ್ ಬೇ ಇಳಿದು, ಸೈಕರ್‌ಬೋಸಿ ಅನ್ನೋ ಕೊನೆ ಏರು ಹತ್ತಿ, ಕ್ಯಾಂಪ್ಸ್ ಬೇ ದಾಟಿ ಗ್ರೀನ್ ಪಾಯಿಂಟಲ್ಲಿ ಮುಗಿಯತ್ತೆ.

ಇಲ್ಲಿ ಎಲ್ಲರ ಬಾಯಲ್ಲೂ ಬರೋದು ಸಬ್ 3. ಅಂದ್ರೆ 36ಕ್ಕಿಂತ ಸ್ವಲ್ಪ ಜಾಸ್ತಿ ಆವರೇಜು, ಮಧ್ಯೆ ಏರು ಬೇರೆ. ವೆಟ್ಟರ್ನ್‌ಗಿಂತ ದೂರ ಮೂರನೇ ಒಂದು ಭಾಗ, ಆದ್ರೆ ಸಲೀಸು ಅಂದ್ಕೋಬೇಡಿ, ಇದು ಮೂರು ಗಂಟೆ ಪೂರ್ತಿ ಉಸಿರು ಬಿಗಿ ಹಿಡಿದು ಓಡಿಸೋ ರೇಸು, ಕಾರ್ನರ್ ಆದ್ಮೇಲೆ ಸ್ಪ್ರಿಂಟ್, ಏರಲ್ಲಿ ಸ್ಪ್ರಿಂಟ್, ಬಂಚ್ (ಒಟ್ಟಿಗೆ ಹೋಗ್ತಿರೋ ಗುಂಪು) ತಪ್ಪಿದ್ರೆ ಟೈಮೂ ತಪ್ಪಿತು.

ಮುಖ್ಯ ವಿಷ್ಯ ಸೀಡಿಂಗು. ಹಿಂದಿನ ರೇಸ್‌ಗಳ ರಿಸಲ್ಟ್ ನೋಡಿ ಸ್ಟಾರ್ಟ್ ಗ್ರೂಪ್ ಕೊಡ್ತಾರೆ. ಮುಂದಿನ ಗ್ರೂಪಲ್ಲಿದ್ರೆ ಸುತ್ತ ಇರೋರೆಲ್ಲ ನಿಮ್ಮ ಸ್ಪೀಡಿನೋರೇ, ಬಂಚ್ ತಾನಾಗೇ 36ರಲ್ಲಿ ಎಳ್ಕೊಂಡು ಹೋಗತ್ತೆ. ಸೀಡಿಂಗ್ ಇಲ್ದೆ ಹಿಂದಿನ ಗ್ರೂಪಿಗೆ ಬಿದ್ರೆ ಸುತ್ತ ಇರೋರು ನಾಲ್ಕೂವರೆ ಗಂಟೆಗೆ ಮುಗಿಸೋರು, ನಿಮ್ಮ ಮುಂದೆ ಸಾವಿರಾರು ಜನ ರಸ್ತೆ ತುಂಬ, ಅವರ ಮಧ್ಯೆ ದಾರಿ ಮಾಡ್ಕೊಂಡು ಒಬ್ಬರೇ ಗಾಳಿ ಹೊಡೀಬೇಕು. ಕಾಲಲ್ಲಿ ಸಬ್ 3 ಶಕ್ತಿ ಇದ್ರೂ ಮೊದಲನೇ ವರ್ಷವೇ ಆ ಟೈಮ್ ಬರೋದು ಕಷ್ಟ. ಆದ್ರಿಂದ ಕೇಪ್‌ಟೌನ್ ಆರಿಸೋರು ಎರಡು ವರ್ಷದ ಪ್ಲಾನ್ ಹಾಕಿ ಅಂತೀನಿ, ಮೊದಲ ವರ್ಷ ಟೈಮ್ ಹಾಕಿ ಸೀಡಿಂಗ್ ಗಳಿಸೋದು, ಎರಡನೇ ವರ್ಷ ಸಬ್ 3. ಬೇರೆ ದೇಶದ ರೇಸ್ ರಿಸಲ್ಟ್ ತೋರಿಸಿದ್ರೆ ಒಳ್ಳೆ ಗ್ರೂಪ್ ಕೊಡ್ತಾರಾ ಅಂತ ಎಂಟ್ರಿ ಹಾಕುವಾಗ್ಲೇ ಕೇಳಿ.

ಎರಡನೇದು ಗಾಳಿ. ಅಲ್ಲಿಯ ಸೌತ್-ಈಸ್ಟರ್ ಗಾಳಿ ಸುಮ್ನೆ ಅಲ್ಲ. 2017ರಲ್ಲಿ ಸ್ಟಾರ್ಟಲ್ಲೇ ಜನ ಸೈಕಲ್ ಸಮೇತ ಹಾರಿ ಬಿದ್ರು, ರೇಸೇ ಕ್ಯಾನ್ಸಲ್ ಮಾಡಿದ್ರು. 2015ರಲ್ಲಿ ಕಾಡ್ಗಿಚ್ಚು, ರೂಟನ್ನ 47 ಕಿ.ಮೀ.ಗೆ ಇಳಿಸಿದ್ರು. ಸೌತ್-ಈಸ್ಟರ್ ಬೀಸೋ ದಿನ ಮೊದಲರ್ಧ ಎದುರುಗಾಳಿ, ಅಟ್ಲಾಂಟಿಕ್ ಕಡೆ ತಿರುಗಿದ ಮೇಲೆ ಬೆನ್ನಿಗೆ ಬರತ್ತೆ. ಮೊದಲರ್ಧದಲ್ಲಿ ಬಂಚ್ ಒಳಗೆ ಅಡಗಿ ಕೂತ್ಕೊಂಡೋರಿಗೆ ಚಾಪ್‌ಮನ್ಸ್ ಪೀಕಲ್ಲಿ ಕಾಲು ಇರತ್ತೆ, ಹೀರೋ ಆಗಿ ಮುಂದೆ ಎಳೆದೋರು ಸೈಕರ್‌ಬೋಸೀಲಿ ನಿಂತೇಬಿಡ್ತಾರೆ. ಆವರೇಜ್ ಸ್ಪೀಡು ಅರ್ಧ ದಾರೀಲಿ 33 ತೋರಿಸ್ತಿದ್ರೂ ಗಾಬರಿ ಬೇಡ, ಆ ರೂಟೇ ಹಾಗೆ.

ನಮಗೆ ಒಂದು ಅನುಕೂಲ ಏನಂದ್ರೆ ಇದು ಮಾರ್ಚಲ್ಲಿ. ನವೆಂಬರಿಂದ ಫೆಬ್ರವರಿವರೆಗೆ ಕರ್ನಾಟಕದಲ್ಲಿ ಸೈಕಲ್ ತುಳಿಯೋಕೆ ಇರೋ ಹವೆ ವರ್ಷದಲ್ಲಿ ಇನ್ಯಾವಾಗ್ಲೂ ಇಲ್ಲ, ಮಳೆ ಇಲ್ಲ ಬಿಸಿಲೂ ಹದ, ಪೂರ್ತಿ ಟ್ರೇನಿಂಗ್ ಹೊರಗಡೆನೇ ಮಾಡ್ಬಹುದು. ವೆಟ್ಟರ್ನ್‌ಗಾದ್ರೆ ಏಪ್ರಿಲ್-ಮೇ ಬಿಸಿಲಲ್ಲಿ ತುಳಿದು ಅಲ್ಲಿ ಹೋಗಿ ಬೆಳಗಿನ ಜಾವದ ಚಳೀಲಿ ನಡುಗ್ಬೇಕು. ಮಾರ್ಮೊಟ್ಟಿಗೆ ಹೊರಡೋ ಹೊತ್ತಿಗೆ ಇಲ್ಲಿ ಘಾಟೆಲ್ಲ ಮಳೆಗೆ ಜಾರತ್ತೆ.

ಮಾರ್ಮೊಟ್: ನೀವು, ನಿಮ್ಮ ತೂಕ, ನಿಮ್ಮ ವ್ಯಾಟು

1982ರಿಂದ ನಡೀತಿರೋದು. ಸಾಮಾನ್ಯವಾದ ರೂಟು ಬೂರ್ ದ್ವಾಸಾನ್‌ ಊರಿಂದ ಶುರುವಾಗಿ ಕೋಲ್ ದು ಗ್ಲಾಂಡೊನ್, ಟೆಲೆಗ್ರಾಫ್, ಗಾಲಿಬಿಯೆ, ಕೊನೇಗೆ ಆಲ್ಪ್ ದ್ಯುಯೆಜ್. 175 ಕಿ.ಮೀ. ಆಸುಪಾಸು, ಏರು ಮಾತ್ರ 5,000 ಮೀಟರು. ಗಾಲಿಬಿಯೆ ತುದಿ 2,642 ಮೀಟರ್, ನಮ್ಮ ಊಟಿಯ ದೊಡ್ಡಬೆಟ್ಟ 2,637, ಅಂದ್ರೆ ದೊಡ್ಡಬೆಟ್ಟದ ತುದಿ ಹತ್ತಿದಷ್ಟು ಎತ್ತರ, ಅಲ್ಲಿಂದ ಇಳಿದು ಮತ್ತೆ ಇನ್ನೊಂದು ಘಾಟು. ನಂದಿ ಬೆಟ್ಟ ಹತ್ತಿ ಹತ್ತಿ ಇಷ್ಟು ಏರು ಸೇರಿಸ್ಬೇಕಂದ್ರೆ ಒಂದೇ ದಿನ ಹತ್ತು ಸಲವಾದ್ರೂ ಹತ್ತಬೇಕು.

ಇಲ್ಲಿ ಗುರಿ ಗೋಲ್ಡು. ವಯಸ್ಸು, ಹೆಣ್ಣು-ಗಂಡು ನೋಡಿ ಗೋಲ್ಡ್, ಸಿಲ್ವರ್ ಅಂತ ಟೈಮ್ ಇಟ್ಟಿರ್ತಾರೆ, ಐವತ್ತು ದಾಟಿದೋರಿಗೆ ಮೂವತ್ತರ ಹುಡುಗರಷ್ಟೇ ಟೈಮ್ ಕೇಳಲ್ಲ. ಈ ಪದ್ಧತಿ ನಂಗೆ ತುಂಬ ಹಿಡಿಸತ್ತೆ, ಸಬ್ 9, ಸಬ್ 3 ಅನ್ನೋದು ಗುಂಡಾದ ನಂಬರ್ ಅಷ್ಟೇ, ಯಾರ ದೇಹಕ್ಕೂ ಸಂಬಂಧ ಇಲ್ಲ.

ಏರಲ್ಲಿ ಡ್ರಾಫ್ಟಿಂದ (ಮುಂದಿನೋರ ಮರೇಲಿ ಗಾಳಿ ತಪ್ಪಿಸ್ಕೊಂಡು ಹೋಗೋದ್ರಿಂದ) ಸಿಗೋದು ಬಹಳ ಕಮ್ಮಿ, ಅಲ್ಲಿ ಲೆಕ್ಕಕ್ಕೆ ಬರೋದು ಕೆಜಿಗೆ ಎಷ್ಟು ವ್ಯಾಟ್ ಅನ್ನೋದು. ಆಲ್ಪ್ ದ್ಯುಯೆಜ್ ತಗೊಳಿ, 13.8 ಕಿ.ಮೀ., ಸರಾಸರಿ 8.1 ಪರ್ಸೆಂಟ್, ಅಂದ್ರೆ ಸುಮಾರು 1,120 ಮೀಟರ್ ಏರು. ಒಂದು ಗಂಟೇಲಿ ಹತ್ತಬೇಕಂದ್ರೆ ಕೆಜಿಗೆ ಹತ್ರ ಹತ್ರ 4 ವ್ಯಾಟ್, ಒಂದೂ ಕಾಲು ಗಂಟೆಗೆ 3.2, ಒಂದೂವರೆ ಗಂಟೆಗೆ 2.7ರ ಆಸುಪಾಸು. ಇದು ಫ್ರೆಶ್ ಆಗಿದ್ದಾಗಿನ ಲೆಕ್ಕ ಅಲ್ಲ ಅನ್ನೋದು ಮರೀಬೇಡಿ, ಮೂರು ಘಾಟು ಹತ್ತಿಳಿದ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ ಮಾಡ್ಬೇಕಾದ್ದು. ಆದ್ರೂ ಈ ರೇಸಿನ ಒಳ್ಳೇ ಗುಣ ಏನಂದ್ರೆ ಮನೇಲಿ ಕೂತೇ ನಿಮ್ಮ ಟೈಮನ್ನ ಹತ್ತಿಪ್ಪತ್ತು ನಿಮಿಷದ ಹೆಚ್ಚುಕಮ್ಮೀಲಿ ಊಹೆ ಮಾಡ್ಬಹುದು. ಐದಾರು ಗಂಟೆ ರೈಡಿನ ಕೊನೇಲಿ ನೀವು ಗಂಟೆಗೆ ಎಷ್ಟು ಮೀಟರ್ ಎತ್ತರ ಏರ್ತೀರ ನೋಡ್ಕೊಳಿ. 800 ಏರೋರಿಗೆ ಏರಲ್ಲೇ ಆರೂ ಕಾಲು ಗಂಟೆ, ಅದಕ್ಕೆ ಇಳಿಜಾರು, ಕಣಿವೆ ಟೈಮ್ ಸೇರಿಸಿ. ಗ್ಲಾಂಡೊನ್ ಇಳಿಜಾರು ಅಪಾಯದ್ದು ಅಂತ ಅದರ ಟೈಮು ಲೆಕ್ಕಕ್ಕೆ ತಗೊಳಲ್ಲ, ಅಲ್ಲಿ ಜೀವ ಒತ್ತೆ ಇಟ್ಟು ಇಳಿಯೋದು ಶುದ್ಧ ದಡ್ಡತನ.

ಇಲ್ಲೂ ಗುಂಪು ಬೇಕಾಗೋ ಜಾಗ ಎರಡಿದೆ, ಇದನ್ನ ಬಹಳ ಜನ ಗಮನಿಸಲ್ಲ. ಗ್ಲಾಂಡೊನ್ ಇಳಿದ ಮೇಲೆ ಟೆಲೆಗ್ರಾಫ್ ಬುಡದವರೆಗೆ ಮೊರಿಯೆನ್ ಕಣಿವೆ ರಸ್ತೆ, ಗಾಳಿ ಹೊಡೀತಿರತ್ತೆ, ಸ್ವಲ್ಪ ಸ್ವಲ್ಪನೇ ಏರು. ಮತ್ತೆ ಗಾಲಿಬಿಯೆ ಇಳಿದು ಲೊತಾರೆ ದಾಟಿ ಬೂರ್ ದ್ವಾಸಾನ್‌ ಕಡೆಗೆ ಬರೋ ಉದ್ದ ದಾರಿ. ಟೈಮ್ ನಿಂತಿರೋವಾಗ ಗ್ಲಾಂಡೊನ್ ಕೆಳಗೆ ನೀರು ತುಂಬಿಸ್ಕೊಂಡು, ಒಂದು ಒಳ್ಳೆ ಗುಂಪು ಬರೋದನ್ನ ನೋಡಿ ಅದರ ಜೊತೆ ಹೊರಡಿ.

ಟ್ರೇನಿಂಗಿಗೆ ನಮ್ಮ ಹತ್ರ ಇರೋ ಹತ್ತಿರದ ಜಾಗ ಅಂದ್ರೆ ಮಸಿನಗುಡಿಯಿಂದ ಊಟಿಗೆ ಹತ್ತೋ ಕಲ್ಹಟ್ಟಿ, 36 ಹೇರ್‌ಪಿನ್, ಆಲ್ಪ್ ದ್ಯುಯೆಜ್‌ಗಿರೋದು 21. ಕಲ್ಹಟ್ಟಿ ಅದಕ್ಕಿಂತ ಕಡಿದು. 2008ರಿಂದ ನಡೀತಿರೋ ಟೂರ್ ಆಫ್ ನೀಲಗಿರೀಸಿಗೆ ಹೋಗಿ ಬಂದೋರಿಗೆ ಇದರ ರುಚಿ ಗೊತ್ತು. ಮಳೆಗಾಲದಲ್ಲಿ ಮನೇಲೇ ಸೈಕಲ್ ನಿಲ್ಲಿಸಿ ತುಳಿಯೋ ಟ್ರೇನರ್ ಮೇಲೆ, ಝ್ವಿಫ್ಟ್ ಅನ್ನೋ ಆ್ಯಪಲ್ಲಿ ಆಲ್ಪ್ ದು ಝ್ವಿಫ್ಟ್ ಹತ್ತಿ, ಅದು ಅದೇ 21 ತಿರುವಿನ ನಕಲು, ಫ್ಯಾನ್ ಮುಂದೆ ಕೂತು ಬೆವರು ಸುರಿಸೋದು ಬೋರು, ಆದ್ರೆ ನಂಬರ್ ಸುಳ್ಳು ಹೇಳಲ್ಲ.

ಹಾಗಾದ್ರೆ ಯಾರಿಗೆ ಯಾವುದು

ಎಪ್ಪತ್ತೈದು-ಎಂಬತ್ತು ಕೆಜಿ ಇದ್ದು, ಫ್ಲ್ಯಾಟ್ ರಸ್ತೇಲಿ ಎಂಜಿನ್ ಥರ ತುಳಿಯೋರು, ಜೊತೆಗೆ ನಂಬಿಕಸ್ತ ನಾಲ್ಕೈದು ಸ್ನೇಹಿತರು ಇರೋರು ಕಣ್ಣು ಮುಚ್ಕೊಂಡು ವೆಟ್ಟರ್ನ್ ಆರಿಸಿ. ಅಲ್ಲಿ ಐದು ಕೆಜಿ ತೂಕ ಇಳಿಸೋದಕ್ಕಿಂತ ಕೈ ಮಡಚಿ ತಗ್ಗಿ ಕೂರೋದು, ಟೈಟಾದ ಜರ್ಸಿ, ಒಳ್ಳೆ ಟೈರು ಜಾಸ್ತಿ ಕೊಡತ್ತೆ. ಐವತ್ತೈದು-ಅರವತ್ತು ಕೆಜಿ ತೂಗೋರು ಫ್ಲ್ಯಾಟಲ್ಲಿ ದೊಡ್ಡವರ ಹಿಂದೆ ಒದ್ದಾಡ್ತಾರೆ, ಅವರ ಜಾಗ ಮಾರ್ಮೊಟ್. ಬಂಚಲ್ಲಿ ಭುಜಕ್ಕೆ ಭುಜ ತಾಗಿಸಿ ಓಡಿಸೋಕೆ ಹೆದರದೋರು, ಚಿಕ್ಕದಾಗಿ ಜೋರಾಗಿ ಮುಗೀಬೇಕು ಅನ್ನೋರು, ಮತ್ತೆ ಬರೋಕೆ ತಯಾರಿರೋರು ಕೇಪ್‌ಟೌನ್. ಒಂದೇ ಸಲ ಹೋಗೋಕಾಗೋದು, ಖರ್ಚು ಮಾಡಿದ್ದಕ್ಕೆ ಟೈಮ್ ಬರ್ಲೇಬೇಕು ಅಂದ್ರೆ ಮೂರರಲ್ಲಿ ಮಾರ್ಮೊಟ್ಟೇ ಸೇಫು, ಯಾಕಂದ್ರೆ ಅಲ್ಲಿ ಬೇರೆಯೋರ ಮೇಲೆ ಅವಲಂಬನೆ ಎಲ್ಲಕ್ಕಿಂತ ಕಮ್ಮಿ.

ಇದೇ ಅಳತೇಲಿ ಉಳಿದವನ್ನೂ ನೋಡಿ. ಮಯೋರ್ಕಾ 312 ಅಂದ್ರೆ ವೆಟ್ಟರ್ನಿನ ದೂರ, ಮಾರ್ಮೊಟ್ಟಿನ ಏರು, ಎರಡೂ ಒಟ್ಟಿಗೆ, 14 ಗಂಟೆ ಲಿಮಿಟ್ಟು, ಮೊದಲ ಸಲ ಹೋಗೋರಿಗೆ ಟೈಮ್ ಗುರಿಯೇ ಬೇಡ. ಇಟಲಿಯ ಮರಾಟೋನಾ ಡೊಲೊಮೈಟ್ಸ್ 138 ಕಿ.ಮೀ., ಏಳು ಪಾಸು, ಎಂಟ್ರಿ ಸಿಗೋದೇ ಲಾಟರೀಲಿ. ಆಸ್ಟ್ರಿಯಾದ ಓಟ್ಜ್‌ಟಾಲರ್ 5,000ಕ್ಕೂ ಹೆಚ್ಚು ಮೀಟರ್ ಏರು, ಕೊನೆ ಘಾಟು ಟಿಮ್ಮೆಲ್ಸ್‌ಯೋಖ್, ಮಾರ್ಮೊಟ್ ಗೋಲ್ಡ್ ಆದೋರು ಆಮೇಲೆ ನೋಡ್ಲಿ.

ವಿಮಾನ ಹತ್ತೋ ಮುಂಚೆ ಇಲ್ಲೇ ಒಂದು 200 ಕಿ.ಮೀ. ಬಿಆರ್‌ಎಂ (ಟೈಮ್ ಲಿಮಿಟ್ ಒಳಗೆ ಮುಗಿಸೋ ದೂರದ ರೈಡು) ಮಾಡಿ ನೋಡೋದು ಒಳ್ಳೇದು. ಹದಿಮೂರೂವರೆ ಗಂಟೆ ಲಿಮಿಟ್ಟು, ರ‍್ಯಾಂಕ್ ಇಲ್ಲ, ಆದ್ರೆ ನಿಂತ ಟೈಮೂ ಲೆಕ್ಕಕ್ಕೆ ಬರತ್ತೆ, ಕಂಟ್ರೋಲಲ್ಲಿ (ದಾರೀಲಿ ಹಾಜರಿ ಹಾಕ್ಸೋ ಜಾಗ) ದೋಸೆ ತಿಂತಾ ಮುಕ್ಕಾಲು ಗಂಟೆ ಹೇಗೆ ಕಳೀತು ಅಂತ ಗೊತ್ತಾಗತ್ತೆ. ನಾಲ್ಕೈದು ಜನ ಮಾತಾಡ್ಕೊಂಡು 8 ಗಂಟೆ ಅಂತ ಇಟ್ಕೊಂಡು ಹೊರಡಿ. ಹೈವೇಲಿ ಎರಡು ಸಾಲು ಮಾತ್ರ ಬೇಡ, ಒಂದೇ ಸಾಲು, ಲಾರಿಗಳಿಗೆ ನಮ್ಮ ಬೆಲ್ಜಿಯನ್ ಚೈನು ಗೊತ್ತಿಲ್ಲ. ತಿನ್ನೋದನ್ನೂ ಅಲ್ಲೇ ಪರೀಕ್ಷೆ ಮಾಡಿ, ಗಂಟೆಗೆ 60ರಿಂದ 90 ಗ್ರಾಂ ಕಾರ್ಬ್ಸ್ ಹೊಟ್ಟೆ ತಡ್ಕೊಳತ್ತಾ ಅಂತ. ಒಂಬತ್ತು ಗಂಟೆಗೆ ಸುಮಾರು ಅರ್ಧದಿಂದ ಮುಕ್ಕಾಲು ಕೆಜಿ ಸಕ್ಕರೆ ತಿಂದ ಲೆಕ್ಕ ಅದು, ಬರೀ ಜೆಲ್ಲಲ್ಲಿ ಆಗಲ್ಲ, ಖರ್ಜೂರ, ಬಾಳೆಹಣ್ಣು, ಕಡ್ಲೆಬೀಜದ ಚಿಕ್ಕಿ ಸೇರಿಸಿ ನೋಡಿ, ಚಿಕ್ಕಿ ಮಾತ್ರ ಜೋರಾಗಿ ಉಸಿರಾಡುವಾಗ ಗಂಟಲಿಗೆ ಸಿಗತ್ತೆ.

ಸೈಕಲ್ಲು ಇಲ್ಲಿಂದ ಒಯ್ಯೋದಾ ಅಲ್ಲೇ ಬಾಡಿಗೇನಾ ಅಂದ್ರೆ, ವೆಟ್ಟರ್ನ್‌ಗೆ ನಿಮ್ದೇ ಒಯ್ಯಿರಿ, ಒಂಬತ್ತು ಹತ್ತು ಗಂಟೆ ಗೊತ್ತಿಲ್ದಿರೋ ಸೀಟ್ ಮೇಲೆ ಕೂರೋದು ಶಿಕ್ಷೆ. ಅಲ್ಲಿ ಏರೋ ಬಾರ್ (ಮೊಣಕೈ ಊರಿ ತಗ್ಗಿ ಕೂರೋಕೆ ಹ್ಯಾಂಡಲ್ಲಿಗೆ ಹಾಕೋ ಸರಳು) ಹಾಕ್ಕೊಂಡು ಗುಂಪಿನ ಒಳಗೆ ಹೋಗೋ ಯೋಚನೆ ಬಿಡಿ. ಮಾರ್ಮೊಟ್ಟಿಗೆ ಬೂರ್ ದ್ವಾಸಾನಲ್ಲೇ ಬಾಡಿಗೆಗೆ ಒಳ್ಳೆ ಬೈಕ್ ಸಿಗತ್ತೆ, ನಿಮ್ಮ ಪೆಡಲ್ಲು, ಸೀಟು ಬಿಚ್ಕೊಂಡು ಹೋಗಿ ಹಾಕಿಸ್ಕೊಳಿ. ನಿಮ್ದೇ ಒಯ್ಯೋದಾದ್ರೆ ಹೊರಡೋ ಮುಂಚೆ ಏರಿಗೆ ಸಲೀಸಾಗೋಕೆ ಹಿಂದೆ 32 ಇಲ್ಲಾ 34 ಹಲ್ಲಿನ ಕ್ಯಾಸೆಟ್ (ಹಿಂಚಕ್ರದ ಗೇರ್ ಸೆಟ್ಟು) ಹಾಕಿಸಿ, ಬ್ರೇಕ್ ಪ್ಯಾಡೂ ಹೊಸದು ಹಾಕಿಸಿ.